ಫೈನಲ್ ಪ್ರಾಜೆಕ್ಟ್ ಯೋಜನೆಗೆ ಮುಂಚೆ ಬೇರೆಯವರ ಪ್ರಾಜೆಕ್ಟ್‌ಗಳನ್ನು ಓದೋದು ಹೇಗೆ? (28 ಖಾನೆಯ ಮಾತ್ರೆ ಪೆಟ್ಟಿಗೆ)

ನೀಲಿತಂತಿ

ಎಲ್ಲರಿಗೂ ನಮಸ್ಕಾರ. ಫೈನಲ್ ಪ್ರಾಜೆಕ್ಟ್‌ಗೆ 10 ವಾರ ಇದೆ. ವಿಷಯ: ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಪೆಟ್ಟಿಗೆ. ದಿನಕ್ಕೆ 4 ಹೊತ್ತು, 7 ದಿನ, ಒಟ್ಟು 28 ಖಾನೆಗಳ ತಿರುಗುವ ತಟ್ಟೆ. ತಟ್ಟೆಯ ಕೆಳಗೆ ಒಂದೇ ತೂತು. ಖಾನೆ ತೂತಿನ ಮೇಲೆ ಬಂದಾಗ ಮಾತ್ರೆ ಕೆಳಗಿನ ಬಟ್ಟಲಿಗೆ ಬೀಳಬೇಕು.

ಸದ್ಯಕ್ಕೆ ಅಂದುಕೊಂಡಿರುವ ಭಾಗಗಳು: ಇಎಸ್‌ಪಿ32 ಬೋರ್ಡ್ (ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್), 28ಬಿವೈಜೆ-48 ಸ್ಟೆಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಮತ್ತು ಅದಕ್ಕೆ ಕರೆಂಟ್ ಕೊಡುವ ಯುಎಲ್‌ಎನ್2003 ಡ್ರೈವರ್, ಸಮಯಕ್ಕೆ ಡಿಎಸ್3231 ಗಡಿಯಾರ ಚಿಪ್, ಪೆಟ್ಟಿಗೆ ಎತ್ತಿದ್ದು ಗೊತ್ತಾಗೋಕೆ ಎಂಪಿಯು6050 ಚಲನೆ ಸೆನ್ಸರ್, ಚಿಕ್ಕ ಒಎಲ್‌ಇಡಿ ಪರದೆ, ಮಾತ್ರೆ ಬಿತ್ತೋ ಇಲ್ಲವೋ ನೋಡಲು 5 ಕೆ.ಜಿ. ಲೋಡ್ ಸೆಲ್ (ತೂಕ ಅಳೆಯುವ ಸೆನ್ಸರ್).

ಇದಕ್ಕೆ ಹತ್ತಿರದ 14 ಹಳೆಯ ಪ್ರಾಜೆಕ್ಟ್ ಪುಟಗಳನ್ನು ಉಳಿಸಿಟ್ಟಿದ್ದೇನೆ. ಒಬ್ಬೊಬ್ಬರದು ಒಂದೊಂದು ಮೋಟರ್, ಒಂದೊಂದು ಅಳತೆ, ಒಂದೊಂದು ಕೋಡ್. ಎಲ್ಲವೂ ಕೆಲಸ ಮಾಡಿದೆ ಅಂತಲೇ ಬರೆದಿದೆ. ಪ್ರಶ್ನೆ ಮೂರು. 14 ಪುಟವನ್ನೂ ಪೂರ್ತಿ ಓದಬೇಕಾ? ಅವುಗಳಿಂದ ಏನು ತಗೋಬೇಕು, ಏನು ಬಿಡಬೇಕು? ತಗೊಂಡದ್ದನ್ನು ನಮ್ಮ ಪುಟದಲ್ಲಿ ಹೇಗೆ ಹೇಳಬೇಕು?

---

ಹಲ್ಲುಚಕ್ರ

14 ಬೇಡ. ಒಂದೊಂದಕ್ಕೆ 10 ನಿಮಿಷ ಕೊಟ್ಟು 4ಕ್ಕೆ ಇಳಿಸಿ. ಆ 4ನ್ನು ಮಾತ್ರ ಬುಡದಿಂದ ಓದಿ.

ಇಳಿಸುವಾಗ ಅಂದ ನೋಡಬೇಡಿ. ಈ ಮೂರು ಇದೆಯಾ ನೋಡಿ: ಮೂಲ ಡಿಸೈನ್ ಫೈಲ್ (ಬರೀ ಎಸ್‌ಟಿಎಲ್, ಅಂದರೆ 3ಡಿ ಪ್ರಿಂಟ್‌ಗೆ ಕೊಡುವ ಆಕಾರದ ಫೈಲ್, ಇದ್ದರೆ ಅಳತೆ ತಿದ್ದೋಕೆ ಆಗಲ್ಲ), ಸರ್ಕ್ಯೂಟ್ ಫೈಲ್, ಮತ್ತು ಕೆಟ್ಟುಹೋದದ್ದರ ಫೋಟೊ. ಮೂರನೆಯದು ಇದ್ದ ಪುಟವನ್ನು ಬಿಡಲೇಬೇಡಿ. ಮುರಿದ ಭಾಗದ ಫೋಟೊ ಹಾಕಿದವರು ಕಾರಣವನ್ನೂ ಬರೆದಿರುತ್ತಾರೆ. ನಮಗೆ ಬೇಕಾದದ್ದು ಅದೇ.

ಆರಿಸಿದ 4ರಲ್ಲಿ ಓದುವ ಕ್ರಮವನ್ನು ತಿರುಗಿಸಿ. ಮೊದಲ ವಾರದ ಸ್ಕೆಚ್‌ನಿಂದ ಶುರು ಮಾಡಬೇಡಿ, ಕೊನೆಯ ಎರಡು ವಾರದಿಂದ ಹಿಂದಕ್ಕೆ ಬನ್ನಿ. ಕೊನೆಯಲ್ಲಿ ಗಡಿಬಿಡಿಯಿಂದ ಏನು ಬದಲಾಯಿತು ಅನ್ನೋದು ಯೋಜನೆ ಎಲ್ಲಿ ತಪ್ಪಿತ್ತು ಅನ್ನೋದನ್ನ ನೇರವಾಗಿ ಹೇಳುತ್ತೆ. ಗಿಟ್ (ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಸಾಫ್ಟ್‌ವೇರ್) ಇದ್ದರೆ ಫೈಲ್‌ಗಳ ಇತಿಹಾಸ ತೆಗೆಯಿರಿ. ಕೊನೆಯ ವಾರದಲ್ಲಿ ಪೆಟ್ಟಿಗೆಯ ಡಿಸೈನ್ ಫೈಲ್ 6 ಸಲ ಬದಲಾಗಿದ್ದರೆ ವೈರ್‌ಗೆ ಜಾಗ ಇಟ್ಟಿರಲಿಲ್ಲ, ಇಲ್ಲವೇ ಬೋರ್ಡ್ ಕೂರಲಿಲ್ಲ ಅಂತ ಅನುಮಾನಿಸಿ, ಆ ಬದಲಾವಣೆಗಳನ್ನೇ ತೆರೆದು ನೋಡಿ.

ಆಮೇಲೆ ವಿಡಿಯೊ. ಕಾಲು ವೇಗದಲ್ಲಿ ಓಡಿಸಿ. ಕೈ ಎಲ್ಲಿ ಬರುತ್ತೆ ನೋಡಿ: ತಟ್ಟೆಯನ್ನು ಬೆರಳಿಂದ ಸ್ವಲ್ಪ ನೂಕಿದ್ದಾರಾ, ಪೆಟ್ಟಿಗೆಯನ್ನು ತಟ್ಟಿದ್ದಾರಾ. ದೃಶ್ಯ ಎಲ್ಲಿ ಕತ್ತರಿಸಿದೆ ನೋಡಿ. ಮೋಟರ್ ತಿರುಗೋಕೆ ಶುರುವಾಗಿ, ಕಟ್ ಆಗಿ, ನೇರ ಬಟ್ಟಲಲ್ಲಿ ಮಾತ್ರೆ ತೋರಿಸಿದ್ದರೆ ನಡುವಿನ ಬೀಳುವಿಕೆಯ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಅಂತ ಬರೆದುಕೊಳ್ಳಿ. ಪವರ್ ವೈರ್ ಎಲ್ಲಿಗೆ ಹೋಗಿದೆ ಅದನ್ನೂ ನೋಡಿ. ಪಠ್ಯದಲ್ಲಿ ಬ್ಯಾಟರಿ ಅಂತಿದ್ದು ಫ್ರೇಮ್‌ನಲ್ಲಿ ಯುಎಸ್‌ಬಿ ಕೇಬಲ್ ಕಂಡರೆ ಆ ಬ್ಯಾಟರಿ ಲೆಕ್ಕವನ್ನು ನಂಬಬೇಡಿ. ಕೊನೆಗೆ ಸದ್ದು ಜಾಸ್ತಿ ಮಾಡಿ ಕೇಳಿ. ಸ್ಟೆಪರ್ ಸ್ಟೆಪ್ ತಪ್ಪಿಸಿಕೊಂಡರೆ ಕಟಕಟ ಅನ್ನುತ್ತೆ, ಕಣ್ಣಿಗೆ ಕಾಣದಿದ್ದರೂ ಕಿವಿಗೆ ಸಿಗುತ್ತೆ.

---

ಬೆಸುಗೆಮೇಜು

ಹಲ್ಲುಚಕ್ರ ಹೇಳಿದ್ದು ಸರಿ. ಓದಿದ ಮೇಲೆ ಆಗುವ ದೊಡ್ಡ ತಪ್ಪು ಒಂದಿದೆ, ಅದನ್ನ ನಿಮ್ಮ ಮೋಟರ್ ಮೇಲೇ ತೋರಿಸ್ತೀನಿ. ಅಂಕಿಯನ್ನು ತಗೊಂಡು, ಆ ಅಂಕಿ ಯಾವ ಪರಿಸ್ಥಿತಿಯಲ್ಲಿ ಸರಿಯಾಗಿತ್ತು ಅನ್ನೋದನ್ನ ಅಲ್ಲೇ ಬಿಟ್ಟು ಬರೋದು.

28ಬಿವೈಜೆ-48 ಬಳಸಿದ ಬಹುತೇಕ ಪ್ರಾಜೆಕ್ಟ್‌ಗಳಲ್ಲಿ ಒಂದು ಸುತ್ತಿಗೆ 2048 ಸ್ಟೆಪ್ ಅಂತ ಇರುತ್ತೆ. ಒಳಗಿನ ಮೋಟರ್‌ಗೆ 32 ಸ್ಟೆಪ್, ಗೇರ್ ಅನುಪಾತ 64, ಗುಣಿಸಿದರೆ 2048. ಆದರೆ ಸಾಮಾನ್ಯವಾಗಿ ಸಿಗುವ ಈ ಮೋಟರ್‌ನಲ್ಲಿ ಗೇರ್ ಹಲ್ಲುಗಳನ್ನು ಎಣಿಸಿ ಲೆಕ್ಕ ಹಾಕಿದರೆ ಅನುಪಾತ 63.68 ಬರುತ್ತೆ. ಅಂದರೆ ಸುತ್ತಿಗೆ ಸುಮಾರು 2038 ಸ್ಟೆಪ್.

ಈಗ 7 ಖಾನೆಯ ಪ್ರಾಜೆಕ್ಟ್ ತಗೊಳ್ಳಿ. ಕೋಡ್‌ನಲ್ಲಿ 2048ನ್ನು 7ರಿಂದ ಭಾಗಿಸಿದರೆ ಪೂರ್ಣಾಂಕ 292. ಏಳು ಸಲ ತಿರುಗಿದರೆ 2044. ನಿಜವಾದ ಸುತ್ತಿಗಿಂತ 6 ಸ್ಟೆಪ್ ಹೆಚ್ಚು, ಸುಮಾರು 1 ಡಿಗ್ರಿ. ಅವರ ಒಂದು ಖಾನೆಯೇ 51 ಡಿಗ್ರಿ ಅಗಲ. ಅರ್ಧ ಖಾನೆಯಷ್ಟು ಜರುಗೋಕೆ 24 ಸುತ್ತು ಬೇಕು. ವಾರಕ್ಕೊಂದು ಸುತ್ತಾದರೆ 24 ವಾರ. ಅಷ್ಟರಲ್ಲಿ ಪ್ರಾಜೆಕ್ಟ್ ಮುಗಿದು ಅಂಕವೂ ಬಂದಿರುತ್ತೆ. ಅವರ ಪುಟದಲ್ಲಿ "ನಿಖರವಾಗಿ ಕೆಲಸ ಮಾಡುತ್ತದೆ" ಅಂತ ಇರೋದು ಸುಳ್ಳಲ್ಲ.

ಅದೇ ಕೋಡ್‌ನಲ್ಲಿ ನೀವು 7ರ ಜಾಗಕ್ಕೆ 28 ಹಾಕ್ತೀರಿ. 2048 ಭಾಗಿಸು 28, ಪೂರ್ಣಾಂಕ 73. ಗುಣಿಸಿ ನೋಡಿ, ಮತ್ತೆ 2044. ಸುತ್ತಿಗೆ ಅದೇ 1 ಡಿಗ್ರಿ ತಪ್ಪು. ಆದರೆ ನಿಮ್ಮ ಖಾನೆ 12.86 ಡಿಗ್ರಿ ಮಾತ್ರ. 6 ಸುತ್ತಿಗೆ ಅರ್ಧ ಖಾನೆ ಜರುಗಿರುತ್ತೆ. ತೂತಿನ ಎರಡೂ ಬದಿಗೆ 2 ಡಿಗ್ರಿ ಸಡಿಲ ಇಟ್ಟಿದ್ದರೆ ಎರಡನೇ ಸುತ್ತಿಗೇ ಖಾನೆಯ ಗೋಡೆ ತೂತಿನ ಮೇಲೆ ಬರುತ್ತೆ, ಮಾತ್ರೆ ಅಂಚಿಗೆ ಸಿಕ್ಕಿಕೊಳ್ಳುತ್ತೆ. ಒಂದು ಸುತ್ತಿನ ವಿಡಿಯೊದಲ್ಲಿ ಇದು ಕಾಣಲ್ಲ.

ಪರಿಹಾರ:
1. ಪ್ರತಿ ಸಲ 73 ಕೂಡಿಸುತ್ತಾ ಹೋಗಬೇಡಿ. ಖಾನೆ ಸಂಖ್ಯೆಯನ್ನು 2038ರಿಂದ ಗುಣಿಸಿ, 14 ಕೂಡಿಸಿ, 28ರಿಂದ ಭಾಗಿಸಿ ಗುರಿಯ ಸ್ಟೆಪ್ ಲೆಕ್ಕ ಹಾಕಿ. ಈಗಿನ ಸ್ಥಾನದಿಂದ ಅಲ್ಲಿಗೆ ಎಷ್ಟು ವ್ಯತ್ಯಾಸವೋ ಅಷ್ಟೇ ತಿರುಗಿಸಿ. ಆ 14 ಹತ್ತಿರದ ಪೂರ್ಣಾಂಕಕ್ಕೆ ತರೋಕೆ.
2. ತಟ್ಟೆಯ ಅಂಚಿಗೆ ಒಂದು ಚಿಕ್ಕ ಮ್ಯಾಗ್ನೆಟ್, ಎದುರಿಗೆ ಮ್ಯಾಗ್ನೆಟ್ ಬಂದದ್ದನ್ನು ಗುರುತಿಸುವ ಎ3144 ಹಾಲ್ ಸೆನ್ಸರ್. ಸುತ್ತಿಗೊಮ್ಮೆ ಸೊನ್ನೆ ಸ್ಥಾನ ಹಿಡಿಯಿರಿ. ಎ3144ಗೆ ಕನಿಷ್ಠ 4.5 ವೋಲ್ಟ್ ಬೇಕು, ಹಾಗಾಗಿ 5 ವೋಲ್ಟ್ ಕೊಡಿ. ಅದರ ಔಟ್‌ಪುಟ್ ಓಪನ್ ಕಲೆಕ್ಟರ್ (ತಾನಾಗಿ ವೋಲ್ಟೇಜ್ ಕೊಡಲ್ಲ, ಗ್ರೌಂಡ್‌ಗೆ ಎಳೆಯುತ್ತೆ ಅಷ್ಟೇ) ಆದ್ದರಿಂದ ಅದನ್ನ 10 ಕಿಲೊಓಮ್ ಪುಲ್‌ಅಪ್ ರೆಸಿಸ್ಟರ್ ಮೂಲಕ 3.3 ವೋಲ್ಟ್‌ಗೆ ಕಟ್ಟಿದರೆ ಇಎಸ್‌ಪಿ32ಗೆ ಅಪಾಯ ಇಲ್ಲ. ಅಕ್ಷರ ಇರುವ ಮುಖಕ್ಕೆ ಮ್ಯಾಗ್ನೆಟ್‌ನ ದಕ್ಷಿಣ ಧ್ರುವ ಬರಬೇಕು. ತಿರುಗುಮುರುಗಾದರೆ ಸೆನ್ಸರ್ ಏನೂ ಹೇಳಲ್ಲ, ಸುಟ್ಟುಹೋಗಿದೆ ಅಂದುಕೊಂಡು ಬಿಸಾಡಬೇಡಿ.
3. ಈ ಗೇರ್‌ನಲ್ಲಿ ಆಟ (ಹಲ್ಲುಗಳ ನಡುವಿನ ಸಡಿಲ) ಕೈಗೆ ಗೊತ್ತಾಗುವಷ್ಟು ಇರುತ್ತೆ. ಕೊನೆಯ ಚಲನೆ ಯಾವಾಗಲೂ ಒಂದೇ ದಿಕ್ಕಿಂದ ಇರಲಿ.

---

ಬೆಸುಗೆಮೇಜು

ಇನ್ನೊಂದು, ಎರಡು ಪ್ರಾಜೆಕ್ಟ್ ಕೂಡಿಸುವವರಿಗೆ. ನಿಮ್ಮ ಪಟ್ಟಿಯಲ್ಲಿ ಡಿಎಸ್3231 ಮತ್ತು ಎಂಪಿಯು6050 ಎರಡೂ ಇವೆ. ಬಹುಶಃ ಒಂದು ಒಬ್ಬರ ಪುಟದಿಂದ, ಇನ್ನೊಂದು ಮತ್ತೊಬ್ಬರ ಪುಟದಿಂದ. ಅಲ್ಲಿ ಎರಡೂ ಸರಿಯಾಗೇ ಓಡಿವೆ. ಆದರೆ ಎರಡರ ಐ2ಸಿ (ಹಲವು ಚಿಪ್‌ಗಳು ಅವೇ ಎರಡು ತಂತಿಗಳಲ್ಲಿ, ಅಂದರೆ ಒಂದೇ ಬಸ್‌ನಲ್ಲಿ, ಮಾತಾಡುವ ವಿಧಾನ) ವಿಳಾಸವೂ ಒಂದೇ, ಹೆಕ್ಸ್‌ನಲ್ಲಿ 68. ಒಂದೇ ಬಸ್‌ಗೆ ಹಾಕಿದರೆ ಗಡಿಯಾರ ಅಸಂಬದ್ಧ ಸಮಯ ತೋರಿಸುತ್ತೆ. ಎಂಪಿಯು6050ರ ಎಡಿ0 ಪಿನ್ ಅನ್ನು 3.3 ವೋಲ್ಟ್‌ಗೆ ಕಟ್ಟಿದರೆ ಅದು 69ಕ್ಕೆ ಹೋಗುತ್ತೆ. ಲೈಬ್ರರಿಯಲ್ಲೂ ವಿಳಾಸ ಬದಲಿಸಬೇಕು.

ಪೆಟ್ಟಿಗೆ ಎತ್ತಿದ್ದು ಗೊತ್ತಾಗಬೇಕು ಅಷ್ಟೇ ಆದರೆ ತಳದಲ್ಲಿ ಒಂದು ಮೈಕ್ರೊಸ್ವಿಚ್ ಸಾಕು. ಎಂಪಿಯು6050 ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ.

---

ನೀಲಿತಂತಿ

ಬೆಸುಗೆಮೇಜು ಅವರೇ, ಆ 2044ರ ಲೆಕ್ಕ ಕೈಯಲ್ಲೇ ಮಾಡಿ ನೋಡಿದೆ, ಸರಿಯಾಗಿದೆ. ನಾನು ಮೊದಲ ಸ್ಥಾನಕ್ಕೆ ಇಟ್ಟಿದ್ದ ಪುಟ 7 ಖಾನೆಯದೇ. ಎಂಪಿಯು6050 ತೆಗೆದೆ, ಮೈಕ್ರೊಸ್ವಿಚ್ ಹಾಕ್ತೀನಿ.

ಒಂದು ಸಂದೇಹ. ಕರೆಂಟ್ ಹೋಗಿ ಬಂದಾಗ ತಟ್ಟೆ ಸೊನ್ನೆ ಸ್ಥಾನ ಹುಡುಕೋಕೆ ಒಂದು ಸುತ್ತು ಹೋಗಬೇಕಲ್ವಾ?

---

ಅಳತೆಗೋಲು

ಇದೇ ಆ ಪೆಟ್ಟಿಗೆಯ ಅತ್ಯಂತ ಮುಖ್ಯ ಪ್ರಶ್ನೆ. ಉಳಿಸಿಟ್ಟ 14 ಪುಟಗಳಲ್ಲಿ ಇದಕ್ಕೆ ಉತ್ತರ ಯಾರು ಬರೆದಿದ್ದಾರೆ ಅಂತ ಹುಡುಕಿ, ಅವರದನ್ನು ಮೊದಲ 4ರಲ್ಲಿ ಸೇರಿಸಿ.

ತೂತು ಕೆಳಗೆ ತೆರೆದೇ ಇದೆ. ಮುಂದಕ್ಕೆ ತಿರುಗಿ ಸೊನ್ನೆ ಹುಡುಕಿದರೆ ತುಂಬಿದ ಖಾನೆಗಳೆಲ್ಲ ಒಂದಾದ ಮೇಲೊಂದು ತೂತಿನ ಮೇಲೆ ಹಾದುಹೋಗುತ್ತವೆ. ವಾರದ ಮಾತ್ರೆ ಅಷ್ಟೂ ಬಟ್ಟಲಿಗೆ ಬೀಳುತ್ತೆ. 3ಡಿ ಪ್ರಿಂಟರ್ ಪ್ರಾಜೆಕ್ಟ್‌ಗಳಿಂದ ಹೋಮಿಂಗ್ (ಸೊನ್ನೆ ಸ್ಥಾನ ಹುಡುಕುವ) ಕೋಡ್ ತಂದು ಇಲ್ಲಿ ಅಂಟಿಸಿದರೆ ಆಗೋದು ಇದೇ. ಅಲ್ಲಿ ದಾರಿಯಲ್ಲಿ ಬೀಳುವಂಥದ್ದು ಏನೂ ಇಲ್ಲ, ಇಲ್ಲಿ ಇದೆ.

ಸರಿಯಾದ ಕ್ರಮ: ಹಿಂದಕ್ಕೆ ತಿರುಗಿ. ಹಿಂದಿನ ಖಾನೆಗಳು ಆಗಲೇ ಖಾಲಿಯಾಗಿವೆ, ಆದ್ದರಿಂದ ಏನೂ ಬೀಳಲ್ಲ. ಸೊನ್ನೆ ಸಿಕ್ಕಿದ ಮೇಲೆ ಇನ್ನು ಸ್ವಲ್ಪ ಹಿಂದೆ ಹೋಗಿ, ಮುಂದಕ್ಕೆ ಬಂದು ಸೊನ್ನೆ ಹಿಡಿದು, ಆಮೇಲೆ ಉಳಿಸಿಟ್ಟ ಖಾನೆ ಸಂಖ್ಯೆಗೆ ಮುಂದಕ್ಕೆ ಬನ್ನಿ. ಗೇರ್ ಆಟದ ಸಮಸ್ಯೆಯೂ ಮುಗಿಯಿತು. ಆ ಸ್ವಲ್ಪ ಹಿಂದೆ ಹೋಗುವಾಗ 28ನೇ ಖಾನೆ ತೂತಿಗೆ ಬರದ ಹಾಗೆ ಅರ್ಧ ಖಾನೆಗಿಂತ ಕಡಿಮೆ ದೂರ ಇಡಿ. ಇಲ್ಲವೇ ಒಂದು ಖಾನೆಯನ್ನು ಖಾಲಿ ಬಿಟ್ಟು 29 ಖಾನೆ ಮಾಡಿ. ನನಗೆ ಎರಡನೆಯದೇ ಸರಿ ಅನ್ನಿಸುತ್ತೆ, ಏಕೆಂದರೆ ಮಾತ್ರೆ ತುಂಬುವಾಗ ತೂತಿನ ಮೇಲೆ ನಿಲ್ಲೋಕೂ ಒಂದು ಖಾಲಿ ಖಾನೆ ಬೇಕೇ ಬೇಕು.

ಖಾನೆ ಸಂಖ್ಯೆಯನ್ನು ಇಎಸ್‌ಪಿ32ರ ಫ್ಲ್ಯಾಶ್‌ನಲ್ಲಿ ಪ್ರಿಫರೆನ್ಸಸ್ ಲೈಬ್ರರಿಯಿಂದ ಉಳಿಸಿ. ಚಲನೆಗೆ ಮುಂಚೆ "5ಕ್ಕೆ ಹೊರಟಿದೆ", ಮುಗಿದ ಮೇಲೆ "5 ಆಯಿತು", ಎರಡೂ ಬರೆಯಿರಿ. ನಡುವೆ ಕರೆಂಟ್ ಹೋದರೆ ಯಾವ ಸ್ಥಿತಿಯಲ್ಲಿತ್ತು ಅಂತ ತಿಳಿಯೋಕೆ ಬೇರೆ ದಾರಿ ಇಲ್ಲ.

---

ನೀಲಿತಂತಿ

29 ಖಾನೆ! ಹಾಗಾದರೆ ಭಾಗಿಸುವ ಅಂಕಿಯೂ 29 ಆಗುತ್ತೆ, 14 ಮಾತ್ರ ಹಾಗೇ ಇರುತ್ತೆ. ತಟ್ಟೆಯ ಅಳತೆ ಎಷ್ಟಿರಬೇಕು? ಪುಟಗಳಲ್ಲಿ 120ರಿಂದ 200 ಮಿ.ಮೀ. ತನಕ ಇದೆ.

---

ಅಳತೆಗೋಲು

ಅವರ ವ್ಯಾಸ ತಗೋಬೇಡಿ, ಅವರು ವ್ಯಾಸಕ್ಕೆ ಹೇಗೆ ಬಂದರು ಅನ್ನೋದನ್ನ ತಗೊಳ್ಳಿ. ಹೊರ ಅಂಚಿನಲ್ಲಿ ಒಂದು ಖಾನೆಗೆ ಗೋಡೆ ಸೇರಿ 20 ಮಿ.ಮೀ. ಬೇಕು ಅಂತಿಟ್ಟುಕೊಳ್ಳಿ. 29 ಗುಣಿಸು 20, ಸುತ್ತಳತೆ 580. ಪೈನಿಂದ ಭಾಗಿಸಿದರೆ ವ್ಯಾಸ ಸುಮಾರು 185 ಮಿ.ಮೀ. ಪ್ರಿಂಟರ್ ಹಾಸು 220 ಇದ್ದರೆ ಹಿಡಿಯುತ್ತೆ, 180 ಇದ್ದರೆ ಇಲ್ಲ. ಆಗ ಎರಡು ಅರ್ಧಗಳಾಗಿ ಪ್ರಿಂಟ್ ಮಾಡಿ ಜೋಡಿಸಬೇಕು, ಜೋಡಣೆಯ ಗೆರೆ ಖಾನೆಯ ನಡುವೆ ಬರದೆ ಗೋಡೆಯ ಮೇಲೆ ಬರಲಿ.

ಮೋಟರ್ ಕೂರಿಸುವಾಗ ಎಡವುವ ಜಾಗ: 28ಬಿವೈಜೆ-48ರ ಶಾಫ್ಟ್ ಮೋಟರ್‌ನ ನಡುವಿನಲ್ಲಿಲ್ಲ, 8 ಮಿ.ಮೀ. ಪಕ್ಕಕ್ಕಿದೆ. ಸ್ಕ್ರೂ ತೂತುಗಳ ನಡುವೆ 35 ಮಿ.ಮೀ. ಶಾಫ್ಟ್ 5 ಮಿ.ಮೀ., ಎರಡು ಕಡೆ ಸಪಾಟಾಗಿ 3 ಮಿ.ಮೀ. ತಟ್ಟೆಯಲ್ಲಿ ಶಾಫ್ಟ್ ಕೂರುವ ತೂತಿಗೆ 0.1, 0.2, 0.3 ಮಿ.ಮೀ. ಸಡಿಲದ ಮೂರು ಚಿಕ್ಕ ತುಂಡು ಪ್ರಿಂಟ್ ಮಾಡಿ ನೋಡಿ, ಆಮೇಲೆ 185ರ ತಟ್ಟೆ. ಬೇರೆಯವರ ಪ್ರಿಂಟರ್‌ನ ಸಡಿಲ ನಿಮ್ಮ ಪ್ರಿಂಟರ್‌ಗೆ ಹೊಂದಲ್ಲ. ತಟ್ಟೆಯ ಭಾರವನ್ನು ಶಾಫ್ಟ್ ಮೇಲೆ ಹಾಕಬೇಡಿ. ಕೆಳಗೆ ಒಂದು ಬೇರಿಂಗ್ ಇಲ್ಲವೇ ನುಣುಪಾದ ಉಂಗುರ ಕೊಡಿ, ಮೋಟರ್ ತಿರುಗಿಸುವ ಕೆಲಸ ಮಾತ್ರ ಮಾಡಲಿ.

ಹೊರಪೆಟ್ಟಿಗೆ ಲೇಸರ್‌ನಲ್ಲಿ ಕತ್ತರಿಸುವುದಾದರೆ ಕರ್ಫ್ (ಲೇಸರ್ ಸುಟ್ಟು ತೆಗೆಯುವ ಗೆರೆಯ ಅಗಲ) ಅಂಕಿಯನ್ನೂ ಯಾರ ಪುಟದಿಂದಲೂ ತರಬೇಡಿ. 100 ಮಿ.ಮೀ. ಉದ್ದದಲ್ಲಿ ಅಕ್ಕಪಕ್ಕ 10 ತುಂಡು ಕತ್ತರಿಸಿ, ಎರಡು ತುದಿಯಲ್ಲೂ ಕತ್ತರಿಸುವ ಗೆರೆ ಇರಲಿ. ತುಂಡುಗಳನ್ನು ಒತ್ತಾಗಿ ಸೇರಿಸಿ ಕ್ಯಾಲಿಪರ್‌ನಿಂದ ಅಳೆಯಿರಿ. 98.5 ಬಂದರೆ 1.5 ಹೋಗಿದೆ, 10ರಿಂದ ಭಾಗಿಸಿ, ಕರ್ಫ್ 0.15. ಹಾಳೆಯ ದಪ್ಪವನ್ನೂ ಅಳೆಯಿರಿ. 3 ಮಿ.ಮೀ. ಪ್ಲೈವುಡ್ ಅಂತ ಬಂದದ್ದು 2.7 ಇರಬಹುದು, 3.2 ಇರಬಹುದು. ಬೆರಳು ಜೋಡಣೆಯ ಸೀಳು ಈ ಅಳತೆಯಿಂದಲೇ ಬರಬೇಕು.

---

ಸುರುಳಿ

ಭಾಗಗಳ ಮಾತು ಬಂತು, ಸಮಯದ ಮಾತು ಬರಲಿಲ್ಲ. ಬೇರೆಯವರ ಪುಟಗಳಿಂದ ಕಲಿಯೋಕೆ ಇರುವ ದೊಡ್ಡ ವಿಷಯ ಅದೇ ಅಂತ ನಾನು ಹೇಳ್ತೀನಿ.

ಫ್ಯಾಬ್ ಅಕಾಡೆಮಿಯ (ಡಿಜಿಟಲ್ ಯಂತ್ರಗಳಿಂದ ವಸ್ತು ತಯಾರಿಸೋದನ್ನ ಕಲಿಸುವ ಕೋರ್ಸ್) ವಿದ್ಯಾರ್ಥಿಗಳ ಪುಟಗಳು ಇದಕ್ಕೆ ಒಳ್ಳೆಯ ಗಣಿ, ಏಕೆಂದರೆ ವಾರವಾರದ ಕೆಲಸವೂ ಫೈನಲ್ ಪ್ರಾಜೆಕ್ಟ್ ಕೂಡ ಸಾರ್ವಜನಿಕವಾಗಿ ಉಳಿದಿರುತ್ತೆ. ಎಂಐಟಿಯಲ್ಲಿ ನೀಲ್ ಗರ್ಶನ್‌ಫೆಲ್ಡ್ 1998ರಲ್ಲಿ ಶುರು ಮಾಡಿದ ತರಗತಿಯ ಮಾದರಿಯಲ್ಲಿ ಬೆಳೆದ ಕೋರ್ಸ್ ಅದು. ಅಲ್ಲಿ ಫೈನಲ್ ಪ್ರಾಜೆಕ್ಟ್‌ಗೆ ಕೇಳುವ ಪ್ರಶ್ನೆಗಳಲ್ಲಿ ಇವು ಇವೆ: ಇದು ಏನು ಮಾಡುತ್ತೆ, ಇದಕ್ಕೂ ಮೊದಲು ಯಾರು ಏನು ಮಾಡಿದ್ದಾರೆ, ನೀವು ಏನನ್ನು ಡಿಸೈನ್ ಮಾಡಿದಿರಿ, ಯಾವ ಸಾಮಗ್ರಿ, ಎಲ್ಲಿಂದ ಬಂತು, ಎಷ್ಟಾಯಿತು, ಏನು ಕೆಲಸ ಮಾಡಿತು, ಏನು ಮಾಡಲಿಲ್ಲ, ಹೇಗೆ ಪರೀಕ್ಷಿಸಿದಿರಿ. ಈ ಪ್ರಶ್ನೆಗಳನ್ನೇ ಕಾಲಂ ಮಾಡಿ ಒಂದು ಕೋಷ್ಟಕ ಹಾಕಿ, 4 ಪ್ರಾಜೆಕ್ಟ್‌ಗೆ 4 ಸಾಲು. ಐದನೇ ಸಾಲು ನಿಮ್ಮದು. ನಿಮ್ಮ ಸಾಲಿನಲ್ಲಿ ಖಾಲಿ ಉಳಿದ ಮನೆಗಳೇ ಈ ವಾರದ ಕೆಲಸ.

ಇನ್ನೆರಡು ಕಾಲಂ ನೀವೇ ಸೇರಿಸಿ: "ಮೊದಲ ಯೋಜನೆಯಲ್ಲಿ ಏನಿತ್ತು" ಮತ್ತು "ಕೊನೆಗೆ ಏನು ಉಳಿಯಿತು". ಮೊದಲ ಸ್ಕೆಚ್ ಮತ್ತು ಕೊನೆಯ ಸ್ಲೈಡ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊಬೈಲ್ ಆ್ಯಪ್, ಧ್ವನಿ, ಕ್ಯಾಮೆರಾ, ಇಂಥವು ಉದುರಿ ಹೋಗಿರುತ್ತವೆ. ಯಾವುದು ಉದುರಿತೋ ಅದನ್ನ ನಿಮ್ಮ ಮೊದಲ ಸುತ್ತಿನ ಯೋಜನೆಯಲ್ಲಿ ಸೇರಿಸಲೇಬೇಡಿ. ಸಮಯ ಇಷ್ಟೇ ಅಂತ ಮೊದಲು ಗೊತ್ತುಮಾಡಿ, ಅದರೊಳಗೆ ಕೆಲಸ ಹಿಡಿಸಬೇಕು. ಕೆಲಸ ಗೊತ್ತುಮಾಡಿ ಸಮಯ ಹುಡುಕಬಾರದು.

10 ವಾರಕ್ಕೆ ನನ್ನ ಲೆಕ್ಕ: 1ನೇ ವಾರ ಓದು. 2ನೇ ವಾರ ರಟ್ಟಿನ ತಟ್ಟೆ, ಮೋಟರ್, ಹಾಲ್ ಸೆನ್ಸರ್ ಮಾತ್ರ, 20 ಸುತ್ತು ಓಡಿಸಿ ಎಷ್ಟು ಜರುಗಿತು ಅಳೆಯೋದು. 3 ಮತ್ತು 4 ಗುಂಡಿ ಒತ್ತಿದರೆ ಒಂದು ಮಾತ್ರೆ ಬೀಳುವ ಪೂರ್ತಿ ಯಂತ್ರ, ಗಡಿಯಾರವಿಲ್ಲದೆ. ಅದು ಕೆಲಸ ಮಾಡಿದ ಮೇಲೆಯೇ 5ನೇ ವಾರ ಗಡಿಯಾರ, 6ನೇ ವಾರ ಬಿದ್ದದ್ದರ ಪತ್ತೆ, 7ನೇ ವಾರ ಸ್ವಂತ ಸರ್ಕ್ಯೂಟ್ ಬೋರ್ಡ್, 8ನೇ ವಾರ ಪೆಟ್ಟಿಗೆ. ಕೊನೆಯ ಎರಡು ವಾರ ಪರೀಕ್ಷೆಗೆ ಮತ್ತು ಬರವಣಿಗೆಗೆ. ಪ್ರತಿ ಹಂತದ ಕೊನೆಯಲ್ಲಿ ತೋರಿಸಬಹುದಾದ ಒಂದು ವಸ್ತು ಕೈಯಲ್ಲಿರಬೇಕು.

---

ಹಲ್ಲುಚಕ್ರ

ಸುರುಳಿ ಅವರ ವೇಳಾಪಟ್ಟಿಯಲ್ಲಿ ಸರ್ಕ್ಯೂಟ್ ಬೋರ್ಡ್ 7ನೇ ವಾರ ಅಂದಿದ್ದು ನನಗೆ ಒಪ್ಪಿಗೆ ಇಲ್ಲ. ಮೊದಲ ಬೋರ್ಡ್ ಸರಿ ಬರಲ್ಲ ಅಂತಲೇ ಲೆಕ್ಕ ಹಾಕಬೇಕು. 5ನೇ ವಾರಕ್ಕೆ ತನ್ನಿ, ಎರಡನೇ ಆವೃತ್ತಿಗೆ ಜಾಗ ಸಿಗುತ್ತೆ. ಕೊನೆಗೆ ತಳ್ಳಿದರೆ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಪ್ರಯೋಗದ ಹಲಗೆ) ಅನ್ನೇ ಪೆಟ್ಟಿಗೆಯೊಳಗೆ ಅಂಟಿಸಿ ಮುಗಿಸೋ ಹಾಗಾಗುತ್ತೆ.

---

ಸುರುಳಿ

ಒಪ್ಪಿದೆ. 5ನೇ ವಾರ ಬೋರ್ಡ್, 6ನೇ ವಾರ ಗಡಿಯಾರ ಮತ್ತು ಪತ್ತೆ ಒಟ್ಟಿಗೆ. ಪೆಟ್ಟಿಗೆಯನ್ನು ಅಲ್ಲಾಡಿಸಬೇಡಿ, ಅದು 8ರಲ್ಲೇ ಇರಲಿ.

---

ನೀಲಿತಂತಿ

ಹಾಗೇ ಮಾಡ್ತೀನಿ. ಪತ್ತೆಗೆ ಲೋಡ್ ಸೆಲ್ ಸರೀನಾ? ನೋಡಿದ ಮೂರು ಪುಟದಲ್ಲಿ ಅದೇ ಇದೆ.

---

ಬೆಸುಗೆಮೇಜು

ಆ ಮೂರು ಪುಟದಲ್ಲಿ ಏನನ್ನು ತೂಗಿದ್ದಾರೆ ನೋಡಿ. ನೀರಿನ ಲೋಟ, ಧಾನ್ಯ, ಇಂಥದ್ದಾದರೆ 5 ಕೆ.ಜಿ. ಸೆಲ್ ಸರಿ. ಮಾತ್ರೆಯ ತೂಕ ಒಂದು ಗ್ರಾಂನೊಳಗೆ. 5 ಕೆ.ಜಿ. ಸೆಲ್‌ನಲ್ಲಿ ಬಿಸಿಯಿಂದ ಆಗುವ ಏರಿಳಿತ, ಮೋಟರ್ ಅದುರು ಎಲ್ಲ ಸೇರಿ ಆ ತೂಕ ಮುಳುಗಿಹೋಗುತ್ತೆ. ಲೋಡ್ ಸೆಲ್ ಓದುವ ಎಚ್‌ಎಕ್ಸ್711 ಚಿಪ್ 24 ಬಿಟ್ ಅಂದ ಮಾತ್ರಕ್ಕೆ ಅಷ್ಟೂ ಬಿಟ್ ನಂಬುವಂಥದ್ದಲ್ಲ. ತೂಕವೇ ಬೇಕು ಅಂದರೆ 100 ಗ್ರಾಂ ಸೆಲ್ ತಗೊಂಡು, ಮೋಟರ್ ನಿಂತು 2 ಸೆಕೆಂಡ್ ಆದ ಮೇಲೆ ಓದಿ.

ಇನ್‌ಫ್ರಾರೆಡ್ ಕಿರಣ ಅಡ್ಡ ಹಾಯಿಸೋದು ಸರಳ. ಆದರೆ ಅದರಲ್ಲೂ ಒಂದು ಲೆಕ್ಕ ಇದೆ. 50 ಮಿ.ಮೀ. ಮೇಲಿಂದ ಬಿದ್ದ ಮಾತ್ರೆ ಕಿರಣ ದಾಟುವಾಗ ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿರುತ್ತೆ. 8 ಮಿ.ಮೀ. ಮಾತ್ರೆ 8 ಮಿಲಿಸೆಕೆಂಡ್‌ನಲ್ಲಿ ದಾಟಿಬಿಡುತ್ತೆ. ಲೂಪ್‌ನಲ್ಲಿ 100 ಮಿಲಿಸೆಕೆಂಡ್ ಡಿಲೇ ಇಟ್ಟುಕೊಂಡು ಪಿನ್ ಓದಿದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪಿಹೋಗುತ್ತೆ. ಇಂಟರಪ್ಟ್ (ಪಿನ್ ಬದಲಾದ ಕ್ಷಣವೇ ಕೋಡ್ ಓಡಿಸುವ ವ್ಯವಸ್ಥೆ) ಹಾಕಲೇಬೇಕು. ಕೊಳವೆ 25 ಮಿ.ಮೀ. ಅಗಲ ಇದ್ದು ಕಿರಣ ನಡುವೆ ಒಂದೇ ಇದ್ದರೆ ಮಾತ್ರೆ ಪಕ್ಕದಿಂದ ಜಾರುತ್ತೆ, ಎರಡು ಕಿರಣ ಹಾಕಿ. ಕೊಳವೆಯನ್ನು ತೀರಾ ಕಿರಿದು ಮಾಡಿದರೆ ಎರಡು ಮಾತ್ರೆ ಒಂದಕ್ಕೊಂದು ಒರಗಿ ಸೇತುವೆ ಕಟ್ಟಿಕೊಳ್ಳುತ್ತವೆ. ಪಾರದರ್ಶಕ ಕ್ಯಾಪ್ಸೂಲ್‌ಗೆ ಬೇರೆಯಾಗಿ ಪರೀಕ್ಷೆ ಮಾಡಿ, ಬೆಳಕು ಅದರೊಳಗೆ ಹಾದುಹೋಗಬಹುದು.

ಪಿನ್‌ಗಳ ಬಗ್ಗೆ ಚಿಕ್ಕದಾಗಿ: ಇಎಸ್‌ಪಿ32ರ 34ರಿಂದ 39ರವರೆಗಿನ ಪಿನ್ ಇನ್‌ಪುಟ್ ಮಾತ್ರ, ಮೋಟರ್‌ಗೆ ಬರಲ್ಲ, ಒಳಗೆ ಪುಲ್‌ಅಪ್ ಕೂಡ ಇಲ್ಲ. 12ನೇ ಪಿನ್ ಬೂಟ್ ಆಗುವಾಗ ಹೈ ಇದ್ದರೆ ಬೋರ್ಡ್ ಏಳದೆ ಇರಬಹುದು. 6ರಿಂದ 11 ಫ್ಲ್ಯಾಶ್‌ಗೆ ಹೋಗಿವೆ, ಮುಟ್ಟಬೇಡಿ.

---

ಓದುಪಟ್ಟಿ

ಹಳೆಯ ಕೋಡ್ ತಗೊಳ್ಳುವವರಿಗೆ: ಪುಟದ ವರ್ಷ ನೋಡಿ. ಆರ್ಡುಯಿನೊಗೆ ಬರುವ ಇಎಸ್‌ಪಿ32 ಕೋರ್ (ಆ ಬೋರ್ಡ್‌ಗೆ ಕೋಡ್ ಬರೆಯೋಕೆ ಬೇಕಾದ ಸಾಫ್ಟ್‌ವೇರ್) 3.0ರಲ್ಲಿ ಪಿಡಬ್ಲ್ಯುಎಂ (ಪಿನ್ ಅನ್ನು ವೇಗವಾಗಿ ಆನ್-ಆಫ್ ಮಾಡೋದು) ಕರೆಗಳು ಬದಲಾದವು. ಎಲ್‌ಇಡಿಸಿ ಸೆಟಪ್, ಎಲ್‌ಇಡಿಸಿ ಅಟ್ಯಾಚ್ ಪಿನ್ ಎರಡೂ ಹೋಗಿ ಎಲ್‌ಇಡಿಸಿ ಅಟ್ಯಾಚ್ ಒಂದೇ ಬಂತು, ಚಾನೆಲ್ ಸಂಖ್ಯೆಯ ಜಾಗಕ್ಕೆ ಪಿನ್ ಸಂಖ್ಯೆ ಬಂತು. ಅದಕ್ಕಿಂತ ಹಳೆಯ ಬಜರ್ ಕೋಡ್ ಕಂಪೈಲ್ ಆಗಲ್ಲ. ಕೋಡ್ ತಪ್ಪು ಅಂತ ತಿದ್ದುತ್ತಾ ಕೂರೋ ಬದಲು ಅವರ ಕೋರ್ ಆವೃತ್ತಿ ಯಾವುದು ಅಂತ ಹುಡುಕಿ, ಆಮೇಲೆ ಹೊಸ ಕರೆಗೆ ಬದಲಿಸಿ. ನಿಮ್ಮ ಪುಟದಲ್ಲೂ ಲೈಬ್ರರಿಗಳ ಆವೃತ್ತಿ ಸಂಖ್ಯೆ ಬರೆದಿಡಿ, ಮುಂದಿನವರಿಗೆ ಒಂದು ದಿನ ಉಳಿಯುತ್ತೆ.

ಮೂರನೇ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಋಣ ಹೇಳುವ ಜಾಗ ಪುಟದ ಕೊನೆಯ "ಧನ್ಯವಾದಗಳು" ಅಲ್ಲ. ಎಲ್ಲಿ ಬಳಸಿದ್ದೀರೋ ಅಲ್ಲೇ. ಕೋಡ್ ಆದರೆ ಫಂಕ್ಷನ್ ಮೇಲಿನ ಕಾಮೆಂಟ್‌ನಲ್ಲಿ, ಡಿಸೈನ್ ಆದರೆ ಚಿತ್ರದ ಕೆಳಗೆ. ನಾಲ್ಕು ವಿಷಯ ಇರಲಿ: ಯಾರದು, ಯಾವ ವರ್ಷದ್ದು, ಕೊಂಡಿ, ನೀವು ಏನು ಬದಲಾಯಿಸಿದಿರಿ. ನಿಮ್ಮ ವಿಷಯದಲ್ಲಿ ಹೀಗೆ ಬರೆಯಬಹುದು: "ತಟ್ಟೆ ತಿರುಗಿಸುವ ಫಂಕ್ಷನ್ ಇಂಥವರ 7 ಖಾನೆಯ ಪ್ರಾಜೆಕ್ಟ್‌ನಿಂದ. 2048ರ ಬದಲು 2038 ಹಾಕಿದೆ, ಕೂಡಿಸುವ ಲೆಕ್ಕದ ಬದಲು ಸೊನ್ನೆಯಿಂದ ಅಳೆಯುವ ಲೆಕ್ಕ ಮಾಡಿದೆ, ಕಾರಣ 29 ಖಾನೆ." ಇದನ್ನ ಓದಿದ ಪರೀಕ್ಷಕರಿಗೆ ನೀವು ಅರ್ಥ ಮಾಡಿಕೊಂಡೇ ತಗೊಂಡಿದ್ದೀರಿ ಅಂತ ಆ ಸಾಲಿನಲ್ಲೇ ಗೊತ್ತಾಗುತ್ತೆ.

ಲೈಸೆನ್ಸ್ ನೋಡಿ. ಏನೂ ಬರೆದಿಲ್ಲ ಅಂದರೆ ಯಾರು ಬೇಕಾದರೂ ಬಳಸಬಹುದು ಅಂತ ಅರ್ಥ ಅಲ್ಲ, ಹಕ್ಕೆಲ್ಲ ಅವರದೇ, ಕೇಳಬೇಕು. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಬಿವೈ ಇದ್ದರೆ ಹೆಸರು ಹೇಳಿದರೆ ಸಾಕು, ಎಸ್‌ಎ ಇದ್ದರೆ ನಿಮ್ಮ ಬದಲಾದ ಡಿಸೈನ್ ಅನ್ನೂ ಅದೇ ಷರತ್ತಿನಲ್ಲಿ ಕೊಡಬೇಕು, ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಇಲ್ಲ.

ಅವರಿಗೆ ಬರೆದು ಕೇಳುವುದಾದರೆ "ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ" ಅಂತ ಬರೆಯಬೇಡಿ, ಉತ್ತರ ಬರಲ್ಲ. ಒಂದೇ ಪ್ರಶ್ನೆ, ಅವರ ಪುಟದ ಯಾವ ಫೋಟೊ ಅಂತ ತೋರಿಸಿ: "ಈ ಫೋಟೊದಲ್ಲಿ ತಟ್ಟೆಯ ಕೆಳಗೆ ಬಿಳಿ ಉಂಗುರ ಇದೆ, ಪಠ್ಯದಲ್ಲಿ ಇಲ್ಲ. ಅದು ಯಾವ ವಸ್ತು, ಯಾವಾಗ ಸೇರಿಸಿದಿರಿ?" ಹೀಗೆ ಕೇಳಿದರೆ ಎರಡು ಸಾಲಿನಲ್ಲಿ ಉತ್ತರಿಸೋದು ಅವರಿಗೂ ಸುಲಭ.

---

ಅಳತೆಗೋಲು

ಬ್ಯಾಟರಿ ಬಗ್ಗೆ ಬಿಟ್ಟುಹೋಯಿತು. "ಡೀಪ್ ಸ್ಲೀಪ್‌ನಲ್ಲಿ 10 ಮೈಕ್ರೊಆಂಪ್" (ಚಿಪ್ ಬಹುಪಾಲು ಮಲಗಿರುವ ಸ್ಥಿತಿ) ಅಂತ ಪುಟಗಳಲ್ಲಿ ಕಂಡರೆ ಅದು ಚಿಪ್‌ನ ಅಂಕಿ. ಡೆವಲಪ್‌ಮೆಂಟ್ ಬೋರ್ಡ್ ಮೇಲಿನ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಪವರ್ ಎಲ್‌ಇಡಿ ಸೇರಿ ಕೆಲವು ಮಿಲಿಆಂಪ್ ತಿನ್ನುತ್ತಲೇ ಇರುತ್ತವೆ. 10 ಮಿಲಿಆಂಪ್ ಅಂದರೂ 2000 ಮಿಲಿಆಂಪ್-ಅವರ್ ಬ್ಯಾಟರಿ 200 ಗಂಟೆ, 8 ದಿನ ಅಷ್ಟೆ. ಮಲ್ಟಿಮೀಟರ್ ಸರಣಿಯಲ್ಲಿ ಇಟ್ಟು ನಿಮ್ಮ ಬೋರ್ಡ್‌ನದೇ ಅಳೆಯಿರಿ. ಹಾಗೇ, ಪ್ರತಿ ಚಲನೆ ಮುಗಿದ ಮೇಲೆ ಮೋಟರ್‌ನ ನಾಲ್ಕೂ ಪಿನ್ ಲೋ ಮಾಡಿ. ಕಾಯಿಲ್‌ಗಳಿಗೆ ಕರೆಂಟ್ ಬಿಟ್ಟರೆ ಸುಮ್ಮನೆ ನಿಂತಾಗಲೂ ಮೋಟರ್ ಬಿಸಿಯಾಗುತ್ತೆ, 3ಡಿ ಪ್ರಿಂಟ್‌ಗೆ ಬಳಸುವ ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುವ ಪ್ಲಾಸ್ಟಿಕ್.

ಡಿಎಸ್3231 ಮಾಡ್ಯೂಲ್‌ಗಳಲ್ಲಿ ಕೆಲವಕ್ಕೆ ನಾಣ್ಯದ ಸೆಲ್ ಚಾರ್ಜ್ ಮಾಡುವ ಡಯೋಡ್ ಮತ್ತು 200 ಓಮ್ ರೆಸಿಸ್ಟರ್ ಇರುತ್ತೆ. ಸಿಆರ್2032 ಚಾರ್ಜ್ ಆಗುವ ಸೆಲ್ ಅಲ್ಲ. 5 ವೋಲ್ಟ್ ಕೊಡುವುದಾದರೆ ಆ ರೆಸಿಸ್ಟರ್ ಬಿಚ್ಚಿ.

---

ನೀಲಿತಂತಿ

ಎಲ್ಲರಿಗೂ ತುಂಬಾ ಧನ್ಯವಾದ. ಸದ್ಯದ ತೀರ್ಮಾನ: 29 ಖಾನೆ, ತಟ್ಟೆ 185 ಮಿ.ಮೀ., ಹಾಲ್ ಸೆನ್ಸರ್, ಹಿಂದಕ್ಕೆ ತಿರುಗಿ ಸೊನ್ನೆ ಹುಡುಕೋದು, ಎರಡು ಇನ್‌ಫ್ರಾರೆಡ್ ಕಿರಣ. ಲೋಡ್ ಸೆಲ್, ಎಂಪಿಯು6050, ಆ್ಯಪ್ ಮೂರೂ ಇಲ್ಲ. 14 ಪುಟದಲ್ಲಿ ಕರೆಂಟ್ ಹೋದರೆ ಏನಾಗುತ್ತೆ ಅಂತ ಬರೆದವರು ಇಬ್ಬರೇ. ಆ ಎರಡನ್ನೂ 4ರಲ್ಲಿ ಸೇರಿಸಿದೆ. ಪರೀಕ್ಷೆ ಎಷ್ಟು ಸಲ ಮಾಡಿದರೆ ಸಾಕು?

---

ಹಲ್ಲುಚಕ್ರ

ಒಂದು ಸುತ್ತಿಗೆ 28 ಬೀಳುವಿಕೆ. 10 ಸುತ್ತು ಓಡಿಸಿ, 280. ಪ್ರತಿ ಸುತ್ತಿನ ಕೊನೆಯಲ್ಲಿ ಹಾಲ್ ಸೆನ್ಸರ್ ಎಷ್ಟು ಸ್ಟೆಪ್ ಆಚೀಚೆ ಸಿಕ್ಕಿತು ಅಂತ ಬರೆದುಕೊಳ್ಳಿ. ಆ ಅಂಕಿ ಸುತ್ತಿಂದ ಸುತ್ತಿಗೆ ಒಂದೇ ಕಡೆಗೆ ಬೆಳೆದರೆ ಲೆಕ್ಕ ತಪ್ಪು, ಹಿಂದೆ ಮುಂದೆ ಆದರೆ ಗೇರ್ ಆಟ, ಇದ್ದಕ್ಕಿದ್ದಂತೆ ಹಾರಿದರೆ ಸ್ಟೆಪ್ ತಪ್ಪಿದೆ. ಕನಿಷ್ಠ 5 ಸಲ ಚಲನೆಯ ನಡುವೆಯೇ ಪವರ್ ಕಿತ್ತು ನೋಡಿ.

ಪರೀಕ್ಷೆಗೆ ನಿಜವಾದ ಔಷಧಿ ಹಾಕಬೇಡಿ, ಅಷ್ಟೇ ಗಾತ್ರದ ಸಕ್ಕರೆ ಗುಳಿಗೆ ಸಾಕು. ದುಂಡಗಿನದು, ಉದ್ದನೆಯದು, ಕ್ಯಾಪ್ಸೂಲ್ ಆಕಾರದ್ದು ಮೂರೂ ಬೇಕು. ದುಂಡಗಿನದು ಸಲೀಸಾಗಿ ಬೀಳುತ್ತೆ, ಉದ್ದನೆಯದು ಖಾನೆಯ ಮೂಲೆಯಲ್ಲಿ ಅಡ್ಡ ನಿಲ್ಲುತ್ತೆ. ಮೂಲೆಗಳನ್ನು 3 ಮಿ.ಮೀ. ತ್ರಿಜ್ಯದಲ್ಲಿ ಗುಂಡಗೆ ಮಾಡಿ ಶುರು ಮಾಡಿ, ಸಾಲದಿದ್ದರೆ 5.